ಹೆಂಗಸರ ಓಪಿಡಿಯಲ್ಲಿ ಏನೇನು ನಡೆಯುತ್ತದೆ, ಕೈಗೆ ಬಂದ ರೆಫರ್ ಚೀಟಿ ಏನು ಹೇಳುತ್ತದೆ

ತಾಲ್ಲೂಕು ಆಸ್ಪತ್ರೆಯಿಂದ ಹೊರಗೆ ಬಂದ ನನ್ನ ಚಿಕ್ಕಮ್ಮ ಚೀಟಿಯನ್ನು ನಾಲ್ಕು ಮಡಿಕೆ ಮಾಡಿ ಪರ್ಸಿಗೆ ಹಾಕಿಕೊಂಡರು. "ದೊಡ್ಡಾಸ್ಪತ್ರೆಗೆ ಹೋಗಬೇಕಂತೆ" ಅಂದರು, ಅಷ್ಟೇ. ಬಸ್ಸಿನಲ್ಲಿ ಅವರ ಮಗ ಆ ಚೀಟಿ ಬಿಡಿಸಿ ಓದಿದ. ಡಾಕ್ಟರ ಗೀಚು ಅಕ್ಷರದಲ್ಲಿ ಅವನಿಗೆ ಅರ್ಥವಾದದ್ದು ಒಂದೇ ಪದ, 'ಮ್ಯಾಲಿಗ್ನೆನ್ಸಿ'. ಅಂದರೆ ಕ್ಯಾನ್ಸರ್. ಅದರ ಹಿಂದೆ 'ಆರ್/ಓ' ಅಂತ ಎರಡು ಅಕ್ಷರ ಇತ್ತು. ಅದನ್ನು ಅವನು ಗಮನಿಸಲಿಲ್ಲ. ಆ ರಾತ್ರಿ ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ.

'ಆರ್/ಓ' ಅಂದರೆ 'ರೂಲ್ ಔಟ್'. "ಇದು ಆ ಕಾಯಿಲೆ ಅಲ್ಲ ತಾನೇ, ಒಮ್ಮೆ ಖಚಿತ ಮಾಡಿಕೊಡಿ" ಅಂತ ಒಬ್ಬ ಡಾಕ್ಟರು ಇನ್ನೊಬ್ಬ ಡಾಕ್ಟರನ್ನು ಕೇಳುವ ರೀತಿ ಅದು. ರೆಫರ್ ಚೀಟಿಯಲ್ಲಿ ಇರುವುದು ಒಂದು ಪ್ರಶ್ನೆ. ಉತ್ತರ ಮುಂದಿನ ಆಸ್ಪತ್ರೆಯಲ್ಲಿ ಸಿಗಬೇಕು. ಈ ಒಂದು ವಿಷಯ ಅವತ್ತು ಗೊತ್ತಿದ್ದಿದ್ದರೆ ನಾವು ಅಷ್ಟು ಹೆದರುತ್ತಿರಲಿಲ್ಲ. ಅದಕ್ಕೇ ಮೊದಲ ಭೇಟಿಯಿಂದ ರೆಫರ್ ಆಗಿ ವಾಪಸ್ ಬರುವವರೆಗೆ ಏನೇನು ನಡೆಯುತ್ತದೆ, ಯಾಕೆ ನಡೆಯುತ್ತದೆ ಅಂತ ಇಲ್ಲಿ ಬಿಡಿಸಿ ಬರೆದಿದ್ದೇನೆ.

ಯಾವಾಗ ಹೋಗಬೇಕು

ಸ್ತ್ರೀರೋಗ ವಿಭಾಗ ಅಂದ ತಕ್ಷಣ ಬಸಿರು, ಹೆರಿಗೆ ಅಂತ ಅಂದುಕೊಳ್ಳುತ್ತೇವೆ. ಅದು ಅರ್ಧ ಮಾತ್ರ. ಮುಟ್ಟಿನ ಏರುಪೇರು, ಬಿಳಿ ಸೆರಗು, ಕಿಬ್ಬೊಟ್ಟೆ ನೋವು, ಮಕ್ಕಳಾಗದಿರುವುದು, ಗರ್ಭಕೋಶ ಕೆಳಗೆ ಜಾರುವುದು, ಕೆಮ್ಮಿದರೆ ಸೀನಿದರೆ ಮೂತ್ರ ಸೋರುವುದು, ಮುಟ್ಟು ನಿಲ್ಲುವ ಕಾಲದ ತೊಂದರೆಗಳು, ಇವೆಲ್ಲ ಅಲ್ಲಿಗೇ ಸೇರಿದ್ದು.

ಮುಟ್ಟಿನ ವಿಷಯದಲ್ಲಿ ಸರಿ ಯಾವುದು, ಜಾಸ್ತಿ ಯಾವುದು ಅನ್ನುವುದಕ್ಕೆ ಲೆಕ್ಕ ಇದೆ. ಒಂದು ಮುಟ್ಟಿನ ಮೊದಲ ದಿನದಿಂದ ಮುಂದಿನ ಮುಟ್ಟಿನ ಮೊದಲ ದಿನಕ್ಕೆ 24ರಿಂದ 38 ದಿನ ಇದ್ದರೆ ಸರಿ. ರಕ್ತ ಹೋಗುವುದು 8 ದಿನದೊಳಗೆ ನಿಲ್ಲಬೇಕು. ಸಾಮಾನ್ಯವಾಗಿ ಒಂದು ಮುಟ್ಟಿನಲ್ಲಿ ಹೋಗುವ ರಕ್ತ 30ರಿಂದ 40 ಮಿಲಿ ಲೀಟರ್. 80 ದಾಟಿದರೆ ಜಾಸ್ತಿ ಅನ್ನುತ್ತಾರೆ. ಹೋಟೆಲಿನ ಸಣ್ಣ ಕಾಫಿ ಲೋಟ ನೆನಪಿಸಿಕೊಳ್ಳಿ, ಹೆಚ್ಚುಕಡಿಮೆ ಅಷ್ಟು. ಆದರೆ ಅಳತೆ ಮಾಡುತ್ತಾ ಕೂರಲು ಆಗುವುದಿಲ್ಲವಲ್ಲ. ಹಾಗಾಗಿ ಬೇರೆ ಗುರುತು ನೋಡಬೇಕು. ಗಂಟೆ ಎರಡು ಗಂಟೆಗೊಮ್ಮೆ ಪ್ಯಾಡ್ ಬದಲಿಸಬೇಕಾಗುತ್ತಿದೆಯಾ? ಹತ್ತು ರೂಪಾಯಿ ನಾಣ್ಯಕ್ಕಿಂತ ದೊಡ್ಡ ಹೆಪ್ಪುಗಟ್ಟಿದ ರಕ್ತದ ಗಡ್ಡೆಗಳು ಹೋಗುತ್ತಿವೆಯಾ? ರಾತ್ರಿ ಎದ್ದು ಹಾಸಿಗೆ ನೋಡಿಕೊಳ್ಳಬೇಕಾಗುತ್ತಿದೆಯಾ? ಹೌದು ಅಂದರೆ ತೋರಿಸಬೇಕು.

ಮುಟ್ಟು ಪೂರ್ತಿ ಒಂದು ವರ್ಷ ನಿಂತು, ಆಮೇಲೆ ಒಂದು ಹನಿ ರಕ್ತ ಕಂಡರೂ ತೋರಿಸಬೇಕು. "ಮತ್ತೆ ಮುಟ್ಟು ಶುರುವಾಯಿತು, ದೇಹಕ್ಕೆ ವಯಸ್ಸು ವಾಪಸ್ ಬಂತು" ಅಂತ ಕೆಲವರು ಸಮಾಧಾನ ಮಾಡಿಕೊಳ್ಳುತ್ತಾರೆ. ಹಾಗಾಗುವುದಿಲ್ಲ. ಹೀಗೆ ರಕ್ತ ಕಂಡ ಹತ್ತು ಹೆಂಗಸರಲ್ಲಿ ಸುಮಾರು ಒಂಬತ್ತು ಮಂದಿಗೆ ಕ್ಯಾನ್ಸರ್ ಇರುವುದಿಲ್ಲ. ಆ ಹತ್ತನೆಯವರು ಯಾರು ಅಂತ ಹೊರಗಿನಿಂದ ನೋಡಿ ಹೇಳಲು ಆಗುವುದಿಲ್ಲ, ಹಾಗಾಗಿ ಹತ್ತೂ ಜನರನ್ನು ಪರೀಕ್ಷೆ ಮಾಡುತ್ತಾರೆ. ಗಂಡ ಹೆಂಡತಿ ಸೇರಿದ ಮೇಲೆ ರಕ್ತ ಕಂಡರೂ ಹೀಗೇ, ತಡ ಮಾಡಬಾರದು.

ಇವು ಈ ವಾರ ಹೋಗಬೇಕಾದ ವಿಷಯ. ಈ ಗಳಿಗೆಯೇ ಹೋಗಬೇಕಾದದ್ದು ಬೇರೆ. ಮುಟ್ಟು ತಪ್ಪಿದ್ದು, ಇದ್ದಕ್ಕಿದ್ದಂತೆ ಕಿಬ್ಬೊಟ್ಟೆಯಲ್ಲಿ ತಡೆಯಲಾಗದ ನೋವು ಬಂದು, ತಲೆಸುತ್ತು ಬಂದರೆ ಬಸಿರು ಗರ್ಭಕೋಶದ ಹೊರಗೆ ನಾಳದಲ್ಲಿ ಕಟ್ಟಿ ಒಡೆದಿರಬಹುದು. ಒಳಗೆ ರಕ್ತ ಸುರಿಯುತ್ತಿರುತ್ತದೆ, ಹೊರಗೆ ಕಾಣುವುದು ನಾಲ್ಕು ಹನಿ. ಆಗ ಓಪಿಡಿ ಸಾಲಿನಲ್ಲಿ ನಿಲ್ಲಬೇಡಿ. 108ಕ್ಕೆ ಫೋನ್ ಮಾಡಿ, ನೇರ ತುರ್ತು ವಿಭಾಗಕ್ಕೆ ಹೋಗಿ. ರಕ್ತ ನಿಲ್ಲದೆ ಗಂಟೆಗೊಂದು ಪ್ಯಾಡ್ ತೊಯ್ದು ಹೋಗುತ್ತಿದ್ದರೂ ಹಾಗೇ ಮಾಡಿ.

ಹೊರಡುವ ಮುಂಚೆ

ಚಿಕ್ಕಮ್ಮನ ಜೊತೆ ನಾನೂ ಒಳಗೆ ಹೋಗಿದ್ದೆ. "ಏನಮ್ಮಾ ತೊಂದರೆ?" ಅಂತ ಡಾಕ್ಟರು ಕೇಳಿದರೆ ಚಿಕ್ಕಮ್ಮ "ಸ್ವಲ್ಪ ಸುಸ್ತು, ಸೊಂಟ ನೋವು" ಅಂದರು. ಅಲ್ಲಿಗೆ ಬಂದದ್ದೇ ರಕ್ತ ಕಂಡಿತು ಅಂತ! ಆ ಮಾತು ಬಾಯಿಗೆ ಬರುವ ಹೊತ್ತಿಗೆ ಡಾಕ್ಟರು ಕ್ಯಾಲ್ಸಿಯಂ ಮಾತ್ರೆ ಬರೆಯಲು ಶುರು ಮಾಡಿದ್ದರು. ಹೊರಗೆ ಎಂಬತ್ತು ಜನ ಸಾಲಿನಲ್ಲಿದ್ದರು. ಅವರಿಗೂ ಬಗೆದು ಕೇಳುವಷ್ಟು ಹೊತ್ತಿರಲಿಲ್ಲ.

ಹಾಗಾಗಿ ಮನೆಯಲ್ಲೇ ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಹೇಳಲು ನಾಚಿಕೆಯಾದರೆ ಆ ಹಾಳೆಯನ್ನೇ ಕೈಗೆ ಕೊಡಿ, ಯಾವ ಡಾಕ್ಟರೂ ಬೇಡ ಅನ್ನುವುದಿಲ್ಲ. ಮೊದಲ ಸಾಲಿನಲ್ಲಿ ಮುಖ್ಯ ತೊಂದರೆ, ಅದು ಶುರುವಾಗಿ ಎಷ್ಟು ದಿನ. ಕೊನೆಯ ಮುಟ್ಟಿನ ಮೊದಲ ದಿನ ಯಾವುದು. ಹಿಂದಿನ ಎರಡು ಮೂರು ಮುಟ್ಟಿನ ತಾರೀಖು, ಎಷ್ಟು ದಿನ ಹೋಯಿತು, ದಿನಕ್ಕೆ ಎಷ್ಟು ಪ್ಯಾಡ್ ಅಥವಾ ಬಟ್ಟೆ. ಈಗ ನುಂಗುತ್ತಿರುವ ಮಾತ್ರೆಗಳು. ಶುಗರ್, ಬಿಪಿ, ಥೈರಾಯ್ಡ್ ಇದೆಯಾ. ಹಳೆಯ ಆಪರೇಷನ್ ಯಾವುದು. ಮಾತ್ರೆಯ ಹೆಸರು ಗೊತ್ತಿಲ್ಲದಿದ್ದರೆ ಖಾಲಿ ಸ್ಟ್ರಿಪ್ಪನ್ನೇ ತೆಗೆದುಕೊಂಡು ಹೋಗಿ. ಹಳೆಯ ಸ್ಕ್ಯಾನ್ ರಿಪೋರ್ಟ್ ಬೀರುವಿನಲ್ಲಿದ್ದರೆ ಅದೂ ಬೇಕು. ಮೂರು ವರ್ಷದ ಹಿಂದೆಯೂ ಗೆಡ್ಡೆ ಇಷ್ಟೇ ಇತ್ತು ಅಂತ ಗೊತ್ತಾದರೆ ಅರ್ಧ ಚಿಂತೆ ಅಲ್ಲೇ ಕಳೆಯುತ್ತದೆ.

ಆಧಾರ್, ರೇಷನ್ ಕಾರ್ಡು, ಆಯುಷ್ಮಾನ್ ಕಾರ್ಡು ಇದ್ದರೆ ಚೀಲದಲ್ಲಿರಲಿ. ಮುಟ್ಟಾಗಿದೆ ಅಂತ ಭೇಟಿ ಮುಂದೂಡಬೇಕಾ? ಜಾಸ್ತಿ ರಕ್ತ ಹೋಗುವುದೇ ತೊಂದರೆಯಾದರೆ ಮುಂದೂಡಬೇಡಿ. ಪ್ಯಾಪ್ ಸ್ಮಿಯರ್, ಅಂದರೆ ಗರ್ಭಕೋಶದ ಬಾಯಿಯ ಜೀವಕೋಶ ತೆಗೆದು ನೋಡುವ ಪರೀಕ್ಷೆಗೆ ಮಾತ್ರ ರಕ್ತ ನಿಂತಿರಬೇಕು.

ಅಷ್ಟೆಲ್ಲ ಪ್ರಶ್ನೆ ಯಾಕೆ ಕೇಳುತ್ತಾರೆ

ಮದುವೆಯಾಗಿ ಎಷ್ಟು ವರ್ಷ, ಮಕ್ಕಳೆಷ್ಟು, ಗರ್ಭಪಾತ ಆಗಿದೆಯಾ, ಮಕ್ಕಳಾಗದ ಆಪರೇಷನ್ ಆಗಿದೆಯಾ, ಕಾಪರ್-ಟಿ ಹಾಕಿಸಿದ್ದೀರಾ, ಗಂಡ ಹೆಂಡತಿ ಸೇರುವಾಗ ನೋವಿದೆಯಾ. ಗುರುತಿಲ್ಲದವರ ಮುಂದೆ ಇದನ್ನೆಲ್ಲ ಹೇಳುವುದು ಕಷ್ಟ, ಅದು ನಿಜ. ಆದರೆ ಒಂದೊಂದು ಉತ್ತರವೂ ಒಂದೊಂದು ಬಾಗಿಲು ಮುಚ್ಚುತ್ತದೆ ಅಥವಾ ತೆರೆಯುತ್ತದೆ. ಬಸಿರಿರುವ ಸಾಧ್ಯತೆ ಇದ್ದರೆ ಕೆಲವು ಔಷಧ ಕೊಡುವಂತಿಲ್ಲ. ಸೇರುವಾಗ ನೋವು, ಮುಟ್ಟಿನಲ್ಲಿ ವಿಪರೀತ ನೋವು ಎರಡೂ ಇದ್ದರೆ ಎಂಡೋಮೆಟ್ರಿಯೋಸಿಸ್ ಇರಬಹುದಾ ಅಂತ ಯೋಚಿಸುತ್ತಾರೆ. ಗರ್ಭಕೋಶದ ಒಳಪದರದಂಥದೇ ಪದರ ಹೊರಗೆಲ್ಲೋ ಬೆಳೆಯುವ ತೊಂದರೆ ಅದು.

ಮದುವೆಯಾಗದ ಹುಡುಗಿಯರನ್ನೂ ದೇಹಸಂಪರ್ಕ ಆಗಿದೆಯಾ ಅಂತ ಕೇಳುತ್ತಾರೆ. ಆ ಪ್ರಶ್ನೆಯಲ್ಲಿ ಯಾವ ಅಪವಾದವೂ ಇಲ್ಲ. ಯಾವ ಪರೀಕ್ಷೆ ಮಾಡಬಹುದು, ಯಾವುದು ಬೇಡ ಅನ್ನುವುದು ಆ ಉತ್ತರದ ಮೇಲೆ ನಿಂತಿದೆ. ಜೊತೆಗೆ ಅಮ್ಮ ಇದ್ದರೆ ಬಾಯಿ ಬರುವುದಿಲ್ಲ, ಅಲ್ವಾ? "ಎರಡು ನಿಮಿಷ ನಾನೊಬ್ಬಳೇ ಮಾತಾಡಬೇಕು" ಅಂತ ಕೇಳಬಹುದು. ಡಾಕ್ಟರಿಗೆ ಹೇಳಿದ್ದು ಗುಟ್ಟಾಗಿ ಉಳಿಯಬೇಕು, ಅದು ಅವರ ವೃತ್ತಿಯ ನಿಯಮ.

ಮೆಡಿಕಲ್ ಕಾಲೇಜಿನ ಆಸ್ಪತ್ರೆಗಳಲ್ಲಿ ಇದೇ ಪ್ರಶ್ನೆಗಳನ್ನು ಮೂರು ಜನ ಮೂರು ಸಲ ಕೇಳುತ್ತಾರೆ. ಮೊದಲು ಹೌಸ್ ಸರ್ಜನ್, ಆಮೇಲೆ ಪಿಜಿ ಓದುವ ಡಾಕ್ಟರು, ಕೊನೆಗೆ ಹಿರಿಯರು. ಬೇಜಾರಾಗುತ್ತದೆ, ಆದರೆ ಮೊದಲ ಸಲ ಮರೆತದ್ದು ಮೂರನೆಯ ಸಲ ನೆನಪಾಗುವುದೂ ಉಂಟು. ಪರೀಕ್ಷೆಯ ಹೊತ್ತಿನಲ್ಲಿ ವಿದ್ಯಾರ್ಥಿಗಳು ಸುತ್ತ ನಿಂತಿರುವುದು ಬೇಡ ಅನ್ನಿಸಿದರೆ ಹಾಗಂತ ಹೇಳಬಹುದು.

ಪರದೆಯ ಹಿಂದೆ

ಜಾಸ್ತಿ ಜನ ಹೆದರುವುದು ಒಳಪರೀಕ್ಷೆಗೆ. ಏನಾಗುತ್ತದೆ ಅಂತ ಮೊದಲೇ ಗೊತ್ತಿದ್ದರೆ ಮೈ ಅಷ್ಟು ಬಿಗಿಯಾಗುವುದಿಲ್ಲ. ಮೈ ಬಿಗಿಯಾಗದಿದ್ದರೆ ನೋವೂ ಕಡಿಮೆ.

ಮೊದಲು ಮೂತ್ರಕ್ಕೆ ಹೋಗಿ ಬರಲು ಹೇಳುತ್ತಾರೆ. ಮೂತ್ರಚೀಲ ತುಂಬಿದ್ದರೆ ಗರ್ಭಕೋಶ ಕೈಗೆ ಸರಿಯಾಗಿ ಸಿಗುವುದಿಲ್ಲ. ಮಲಗಿಸಿ ಹೊಟ್ಟೆಯನ್ನು ಒತ್ತಿ ನೋಡುತ್ತಾರೆ. ಆಮೇಲೆ ಮಂಡಿ ಮಡಚಿ ಕಾಲು ಅಗಲಿಸಲು ಹೇಳುತ್ತಾರೆ. ಸ್ಪೆಕ್ಯುಲಂ ಅನ್ನುವ ಸಾಧನ ಬಾತುಕೋಳಿಯ ಕೊಕ್ಕಿನ ಹಾಗೆ ಇರುತ್ತದೆ, ಎರಡು ಚಪ್ಪಟೆ ಎಲೆ, ಹಿಂದೆ ಒಂದು ತಿರುಪು. ಮುಚ್ಚಿಕೊಂಡೇ ಒಳಗೆ ಹೋಗಿ, ಅಲ್ಲಿ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಆಗ ಗರ್ಭಕೋಶದ ಬಾಯಿ, ಅಂದರೆ ಗರ್ಭಕೊರಳು, ಲೈಟಿನ ಬೆಳಕಿನಲ್ಲಿ ಕಣ್ಣಿಗೇ ಕಾಣುತ್ತದೆ. ತಣ್ಣಗೆ ತಾಗುತ್ತದೆ, ಒತ್ತಿದ ಹಾಗಾಗುತ್ತದೆ. ಬಾಯಿಂದ ನಿಧಾನಕ್ಕೆ ಉಸಿರು ಬಿಟ್ಟರೆ, ಸೊಂಟವನ್ನು ಮಂಚಕ್ಕೆ ಅಂಟಿಸಿ ಮಲಗಿದರೆ ಸುಲಭ. ಚೂಪಾಗಿ ನೋವಾದರೆ "ನಿಲ್ಲಿಸಿ" ಅನ್ನಿ, ಅವರು ನಿಲ್ಲಿಸಬೇಕು. ಕೊನೆಗೆ ಗ್ಲೌಸ್ ಹಾಕಿದ ಎರಡು ಬೆರಳು ಒಳಗೆ, ಇನ್ನೊಂದು ಕೈ ಹೊಟ್ಟೆಯ ಮೇಲೆ ಇಟ್ಟು ಗರ್ಭಕೋಶದ ಗಾತ್ರ, ಅಕ್ಕಪಕ್ಕದ ಗೆಡ್ಡೆ, ಎಲ್ಲಿ ಮುಟ್ಟಿದರೆ ನೋವು ಅನ್ನುವುದನ್ನು ನೋಡುತ್ತಾರೆ. ಎಲ್ಲ ಸೇರಿ ಐದು ನಿಮಿಷವೂ ಆಗುವುದಿಲ್ಲ. ಗಂಡಸು ಡಾಕ್ಟರಾದರೆ ನರ್ಸ್ ಅಥವಾ ಇನ್ನೊಬ್ಬ ಹೆಂಗಸು ಜೊತೆಯಲ್ಲಿ ಇರಲೇಬೇಕು. ದೇಹಸಂಪರ್ಕ ಆಗಿರದ ಹುಡುಗಿಯರಿಗೆ ಸಾಮಾನ್ಯವಾಗಿ ಈ ಪರೀಕ್ಷೆ ಮಾಡುವುದಿಲ್ಲ.

ಅಲ್ಲೇ ಪ್ಯಾಪ್ ಸ್ಮಿಯರ್ ಕೂಡ ತೆಗೆಯಬಹುದು. ಸಣ್ಣ ಬ್ರಷ್ಷಿನಿಂದ ಗರ್ಭಕೊರಳನ್ನು ಸವರಿ, ಅಂಟಿದ ಜೀವಕೋಶಗಳನ್ನು ಗಾಜಿನ ಮೇಲೆ ಹಚ್ಚಿ ಲ್ಯಾಬಿಗೆ ಕಳಿಸುತ್ತಾರೆ. ಕೆಲವು ಸೆಕೆಂಡಿನ ಕೆಲಸ. ಇದಕ್ಕಿಂತ ಸರಳವಾದ ಇನ್ನೊಂದು ಪರೀಕ್ಷೆ ಇದೆ, ವಿಐಎ ಅನ್ನುತ್ತಾರೆ. ವಿನಿಗರ್‌ನಲ್ಲಿರುವ ಆಮ್ಲವನ್ನೇ 3ರಿಂದ 5 ಪರ್ಸೆಂಟ್ ತೆಳುವಾಗಿ ಮಾಡಿ ಹತ್ತಿಯಿಂದ ಗರ್ಭಕೊರಳಿಗೆ ಹಚ್ಚುತ್ತಾರೆ. ಒಂದು ನಿಮಿಷ ಕಾಯುತ್ತಾರೆ. ಬದಲಾಗುತ್ತಿರುವ ಜೀವಕೋಶ ಇದ್ದರೆ ಆ ಜಾಗ ಬೆಳ್ಳಗೆ ಕಾಣುತ್ತದೆ. ಲ್ಯಾಬ್ ಬೇಡ, ದಿನಗಟ್ಟಲೆ ಕಾಯುವುದೂ ಬೇಡ. ಸರ್ಕಾರದ ತಪಾಸಣೆ ಕಾರ್ಯಕ್ರಮದಲ್ಲಿ 30ರಿಂದ 65 ವರ್ಷದ ಹೆಂಗಸರಿಗೆ ಐದು ವರ್ಷಕ್ಕೊಮ್ಮೆ ಇದನ್ನು ಮಾಡಬೇಕು ಅಂತಿದೆ. ಬಿಳಿ ಮಚ್ಚೆ ಕಂಡಿತು ಅಂದರೆ ಕ್ಯಾನ್ಸರ್ ಅಂತ ಅರ್ಥ ಅಲ್ಲ. ಸೋಂಕು ಇದ್ದರೂ ಹಾಗೆ ಕಾಣಬಹುದು. ಕಾಲ್ಪೊಸ್ಕೋಪ್ ಅನ್ನುವ ದೊಡ್ಡ ಭೂತಗನ್ನಡಿಯಿಂದ ಇನ್ನೊಮ್ಮೆ ನೋಡಲು ಆಗ ರೆಫರ್ ಮಾಡುತ್ತಾರೆ.

ಗರ್ಭಕೊರಳಿನ ಕ್ಯಾನ್ಸರ್ ಬೆಳೆಯಲು ಬಹಳ ವರ್ಷ ತೆಗೆದುಕೊಳ್ಳುತ್ತದೆ. ಅದಕ್ಕೆ ಮುಂಚಿನ ಹಂತದಲ್ಲೇ ಸಿಕ್ಕರೆ ಆ ಸಣ್ಣ ಜಾಗವನ್ನು ಸುಟ್ಟು ಅಥವಾ ಕತ್ತರಿಸಿ ತೆಗೆದು ಅವತ್ತೇ ಮನೆಗೆ ಕಳಿಸಬಹುದು. ಯಾವ ತೊಂದರೆಯೂ ಇಲ್ಲದವರೂ ಈ ಪರೀಕ್ಷೆ ಮಾಡಿಸಿಕೊಳ್ಳಬೇಕು ಅನ್ನುವುದು ಈ ಕಾರಣಕ್ಕೆ.

ಸ್ಕ್ಯಾನ್ ರಿಪೋರ್ಟಿನ ಹೆದರಿಸುವ ಪದಗಳು

ರಕ್ತಪರೀಕ್ಷೆಯಲ್ಲಿ ಮೊದಲು ನೋಡುವುದು ಹಿಮೋಗ್ಲೋಬಿನ್. ಬಸಿರಿಲ್ಲದ ಹೆಂಗಸರಿಗೆ 12ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ, 8ಕ್ಕಿಂತ ಕೆಳಗೆ ಹೋದರೆ ತೀವ್ರ. ಜಾಸ್ತಿ ರಕ್ತ ಹೋಗುವವರಿಗೆ ಮೆಟ್ಟಿಲು ಹತ್ತಿದರೆ ಏದುಸಿರು ಬರುವುದು, ಕಣ್ಣು ಕತ್ತಲೆ ಬರುವುದು ಇದರಿಂದಲೇ. ವಯಸ್ಸಾಯಿತು ಅಂತ ಸುಮ್ನೆ ಬಿಡುತ್ತಾರೆ, ಪಾಪ.

ಆಮೇಲೆ ಸ್ಕ್ಯಾನಿಂಗ್. ಹೊಟ್ಟೆಯ ಮೇಲಿಂದ ಮಾಡುವುದಾದರೆ ನೀರು ಕುಡಿದು ಮೂತ್ರಚೀಲ ತುಂಬಿಸಿಕೊಳ್ಳಬೇಕು. ತುಂಬಿದ ಚೀಲ ಕಿಟಕಿಯ ಗಾಜಿನ ಹಾಗೆ, ಅದರ ಮೂಲಕ ಹಿಂದಿರುವ ಗರ್ಭಕೋಶ ಸ್ಪಷ್ಟ ಕಾಣುತ್ತದೆ. ತೆಳುವಾದ ಕಡ್ಡಿಯನ್ನು ಯೋನಿಯೊಳಗಿಟ್ಟು ಮಾಡುವ ಸ್ಕ್ಯಾನ್‌ಗೆ ಚೀಲ ಖಾಲಿ ಇರಬೇಕು.

ರಿಪೋರ್ಟ್ ಕೈಗೆ ಬಂದ ತಕ್ಷಣ ಮೊಬೈಲಿನಲ್ಲಿ ಒಂದೊಂದೇ ಪದ ಹುಡುಕಿ ಬೆಚ್ಚಿಬೀಳುವವರನ್ನು ನಾನು ಬಹಳ ನೋಡಿದ್ದೇನೆ. ಕೆಲವು ಪದ ಬಿಡಿಸಿ ಹೇಳುತ್ತೇನೆ. 'ಬಲ್ಕಿ ಯುಟರಸ್' ಅಂದರೆ ಗರ್ಭಕೋಶ ಸ್ವಲ್ಪ ದಪ್ಪಗಿದೆ ಅಂತ. ಮಾಮೂಲಿ ಗರ್ಭಕೋಶ ಒಂದು ಸೀಬೆಹಣ್ಣಿನಷ್ಟು, ಏಳೆಂಟು ಸೆಂಟಿಮೀಟರ್ ಉದ್ದ. ಹೆತ್ತವರಲ್ಲಿ ಅದು ಸ್ವಲ್ಪ ದೊಡ್ಡದೇ ಇರುತ್ತದೆ. 'ರೆಟ್ರೋವರ್ಟೆಡ್' ಅಂದರೆ ಹಿಂದಕ್ಕೆ ಬಾಗಿದೆ. ಐದರಲ್ಲಿ ಒಬ್ಬ ಹೆಂಗಸಿಗೆ ಹುಟ್ಟಿನಿಂದ ಹಾಗೇ ಇರುತ್ತದೆ, ಕೆಲವರು ಎಡಗೈಯಲ್ಲಿ ಬರೆಯುತ್ತಾರಲ್ಲ, ಆ ಥರ. 'ನೆಬೋಥಿಯನ್ ಸಿಸ್ಟ್' ಅಂದರೆ ಗರ್ಭಕೊರಳಿನ ಮೇಲಿನ ಸಣ್ಣ ನೀರುಗುಳ್ಳೆ. ಅದಕ್ಕೆ ಸಾಮಾನ್ಯವಾಗಿ ಏನೂ ಮಾಡಬೇಕಿಲ್ಲ. ಅಂಡಾಶಯದಲ್ಲಿ 'ಸಿಂಪಲ್ ಸಿಸ್ಟ್' ಅಂತ ಬರೆದಿದ್ದು, ಇನ್ನೂ ಮುಟ್ಟಾಗುವ ವಯಸ್ಸಾಗಿದ್ದು, ಗುಳ್ಳೆ 5 ಸೆಂಟಿಮೀಟರಿಗಿಂತ ಚಿಕ್ಕದಿದ್ದರೆ ಅದು ಬಹುತೇಕ ಎರಡು ಮೂರು ಮುಟ್ಟಿನೊಳಗೆ ತಾನೇ ಕರಗುತ್ತದೆ. ಪ್ರತಿ ತಿಂಗಳು ಮೊಟ್ಟೆ ಬಿಡುಗಡೆಯಾಗುವ ಮೊದಲು ಅಂಡಾಶಯದಲ್ಲಿ ಎರಡು ಸೆಂಟಿಮೀಟರಿನಷ್ಟು ಗುಳ್ಳೆ ಏಳುವುದೇ ಅದರ ಕೆಲಸ!

'ಫೈಬ್ರಾಯ್ಡ್' ಗರ್ಭಕೋಶದ ಮಾಂಸದಲ್ಲಿ ಬೆಳೆಯುವ ಗಂಟು. ಅದು ಕ್ಯಾನ್ಸರ್ ಆಗಿರುವುದು ತೀರ ಅಪರೂಪ. ಎಷ್ಟು ದೊಡ್ಡದು ಅನ್ನುವುದಕ್ಕಿಂತ ಎಲ್ಲಿದೆ ಅನ್ನುವುದು ಮುಖ್ಯ. ಹೊರಮೈಯಲ್ಲಿರುವ ಮೂಸಂಬಿಯಷ್ಟು ಗಂಟು ಸುಮ್ಮನೆ ಇರಬಹುದು. ಒಳಪದರಕ್ಕೆ ಚಾಚಿಕೊಂಡ ದ್ರಾಕ್ಷಿಯಷ್ಟು ಗಂಟು ತಿಂಗಳು ತಿಂಗಳು ರಕ್ತ ಸುರಿಸಬಹುದು.

'ಇಟಿ' ಅಂತ ಬರೆದು ಮಿಲಿಮೀಟರಿನಲ್ಲಿ ಒಂದು ಅಂಕಿ ಇರುತ್ತದೆ. ಅದು ಗರ್ಭಕೋಶದ ಒಳಪದರದ ದಪ್ಪ. ಮುಟ್ಟಾಗುವವರಲ್ಲಿ ಈ ಅಂಕಿ ತಿಂಗಳಿಡೀ ಏರಿಳಿಯುತ್ತದೆ, ಹಾಗಾಗಿ ಒಂದು ಅಂಕಿ ನೋಡಿ ಗಾಬರಿಯಾಗಬಾರದು. ಮುಟ್ಟು ನಿಂತವರಲ್ಲಿ ಅದು ತೆಳ್ಳಗಿರಬೇಕು. ಮುಟ್ಟು ನಿಂತ ಮೇಲೆ ರಕ್ತ ಕಂಡು, ಪದರ 4 ಮಿಲಿಮೀಟರಿಗಿಂತ ದಪ್ಪ ಇದ್ದರೆ ಬಯಾಪ್ಸಿ ಮಾಡಬೇಕು, ಅಂದರೆ ಆ ಪದರದ ಚೂರು ತೆಗೆದು ಲ್ಯಾಬಿಗೆ ಕಳಿಸಬೇಕು. ಚಿಕ್ಕಮ್ಮನ ಪದರ 9 ಇತ್ತು. ಅದಕ್ಕೇ ರೆಫರ್ ಮಾಡಿದ್ದು.

ಯಾಕೆ ಕಳಿಸುತ್ತಾರೆ, ಎಲ್ಲಿಗೆ ಕಳಿಸುತ್ತಾರೆ

ಮನೆಯಲ್ಲಿ ಕರೆಂಟ್ ಹೋದರೆ ಮೊದಲು ಫ್ಯೂಸ್ ನೋಡುತ್ತೇವೆ. ಅಲ್ಲಿ ಸರಿ ಇದ್ದರೆ ಲೈನ್‌ಮ್ಯಾನ್ ಬಂದು ಕಂಬ ಹತ್ತುತ್ತಾನೆ. ಅಲ್ಲೂ ಸಿಗದಿದ್ದರೆ ಟ್ರಾನ್ಸ್‌ಫಾರ್ಮರ್ ನೋಡುವವರು ಬೇರೆ. ಆಸ್ಪತ್ರೆಗಳನ್ನು ಕಟ್ಟಿರುವುದೂ ಹೀಗೇ. ಪ್ರಾಥಮಿಕ ಆರೋಗ್ಯ ಕೇಂದ್ರ ಸುಮಾರು 30,000 ಜನರಿಗೆ ಒಂದು, ಅಲ್ಲಿ ಎಂಬಿಬಿಎಸ್ ಡಾಕ್ಟರು. ಅದರ ಮೇಲೆ ಸಮುದಾಯ ಆರೋಗ್ಯ ಕೇಂದ್ರ, ತಾಲ್ಲೂಕು ಆಸ್ಪತ್ರೆ. ಸ್ತ್ರೀರೋಗ ತಜ್ಞರು ಸಿಗುವುದು ಇಲ್ಲಿಂದ. ಬಯಾಪ್ಸಿ, ದೊಡ್ಡ ಆಪರೇಷನ್, ಐಸಿಯು, ರಕ್ತನಿಧಿ ಬೇಕಾದರೆ ಜಿಲ್ಲಾಸ್ಪತ್ರೆ ಅಥವಾ ಮೆಡಿಕಲ್ ಕಾಲೇಜು.

ಹೆಂಗಸರಿಗೇ ಅಂತ ಕಟ್ಟಿದ ಹಳೆಯ ದೊಡ್ಡ ಸರ್ಕಾರಿ ಆಸ್ಪತ್ರೆಗಳು ನಮ್ಮಲ್ಲಿವೆ. ಬೆಂಗಳೂರಿನ ವಾಣಿವಿಲಾಸ 1935ರಿಂದ ನಡೆಯುತ್ತಿದೆ. ಮೈಸೂರಿಗೆ ಚೆಲುವಾಂಬ, ಮಂಗಳೂರಿಗೆ ಲೇಡಿ ಗೋಷನ್ ಇವೆ. ಹುಬ್ಬಳ್ಳಿ ಕಡೆಯವರು ಮೊದಲು ಕಿಮ್ಸ್ ಅನ್ನುತ್ತಿದ್ದ ಅಲ್ಲಿನ ಸರ್ಕಾರಿ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ಹೋಗುತ್ತಾರೆ. ಕ್ಯಾನ್ಸರ್ ಅಂತ ಖಚಿತವಾದರೆ ಅಥವಾ ಬಲವಾದ ಅನುಮಾನ ಬಂದರೆ ಬೆಂಗಳೂರಿನ ಕಿದ್ವಾಯಿ. ಕಲಬುರಗಿಯಲ್ಲೂ ಕಿದ್ವಾಯಿಯ ಕೇಂದ್ರ ಇದೆ.

ಚೀಟಿಯಲ್ಲಿ ಏನಿರುತ್ತದೆ? ಚಿಕ್ಕಮ್ಮನ ಚೀಟಿಯಲ್ಲಿ ಇದ್ದದ್ದು ನಾಲ್ಕೇ ಸಾಲು. 'ಪಿ2 ಎಲ್2' ಅಂದರೆ ಎರಡು ಹೆರಿಗೆ, ಎರಡು ಮಕ್ಕಳು ಬದುಕಿವೆ. 'ಟಿಎಲ್' ಅಂದರೆ ಮಕ್ಕಳಾಗದ ಆಪರೇಷನ್ ಆಗಿದೆ. 'ಪಿಎಂಬಿ' ಅಂದರೆ ಮುಟ್ಟು ನಿಂತ ಮೇಲೆ ರಕ್ತಸ್ರಾವ. 'ಪಿ/ಎ', 'ಪಿ/ಎಸ್', 'ಪಿ/ವಿ' ಅಂದರೆ ಹೊಟ್ಟೆಯ ಮೇಲಿಂದ, ಸ್ಪೆಕ್ಯುಲಂ ಹಾಕಿ, ಬೆರಳಿನಿಂದ ನೋಡಿದಾಗ ಕಂಡದ್ದು. 'ಎನ್‌ಎಡಿ' ಅಂದರೆ ಅಸಹಜವಾದದ್ದೇನೂ ಸಿಗಲಿಲ್ಲ. ಆಮೇಲೆ ಆ 'ಆರ್/ಓ'.

ಚೀಟಿ ಕೈಗೆ ಬಂದಾಗ ಅಲ್ಲೇ ನಿಂತು ಮೂರು ವಿಷಯ ಕೇಳಿಕೊಳ್ಳಿ. ಯಾಕೆ ಕಳಿಸುತ್ತಿದ್ದೀರಿ? ಎಷ್ಟು ದಿನದೊಳಗೆ ಹೋಗಬೇಕು? ಅಲ್ಲಿ ಯಾವ ವಿಭಾಗ, ಯಾವ ದಿನ ಹೋಗಬೇಕು? ಮೂರನೆಯದನ್ನು ಮರೆಯಬೇಡಿ. ದೊಡ್ಡಾಸ್ಪತ್ರೆಯಲ್ಲಿ ಯೂನಿಟ್‌ಗಳಿಗೆ ಬೇರೆ ಬೇರೆ ಓಪಿಡಿ ದಿನ ಇರುತ್ತದೆ. ನಾವು ತಪ್ಪು ದಿನ ಹೋಗಿ, ನಾಲ್ಕು ಗಂಟೆ ಕೂತು, ಬರಿಗೈಯಲ್ಲಿ ವಾಪಸ್ ಬಂದೆವು. ಹೊರಡುವ ಮುಂಚೆ ಚೀಟಿಯ ಎರಡೂ ಬದಿಯ ಫೋಟೋ ತೆಗೆದಿಟ್ಟುಕೊಳ್ಳಿ. 104 ಆರೋಗ್ಯ ಸಹಾಯವಾಣಿಗೆ ಫೋನ್ ಮಾಡಿ ಕೇಳಬಹುದು, ಊರಿನ ಆಶಾ ಕಾರ್ಯಕರ್ತೆಯರಿಗಂತೂ ಈ ದಾರಿ ಚೆನ್ನಾಗಿ ಗೊತ್ತಿರುತ್ತದೆ.

ಚೀಟಿಗೆ ದುಡ್ಡಿನ ಲೆಕ್ಕವೂ ಇದೆ. 2018ರಿಂದ ನಡೆಯುತ್ತಿರುವ ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆ ಇದೆ. ಎಪಿಎಲ್‌ನವರಿಗೆ ಪ್ಯಾಕೇಜ್ ದರದ 30 ಪರ್ಸೆಂಟ್ ಸರ್ಕಾರ ಕೊಡುತ್ತದೆ, ವರ್ಷಕ್ಕೆ ಒಂದೂವರೆ ಲಕ್ಷದವರೆಗೆ. ಸರಳ ಚಿಕಿತ್ಸೆಗಳು ಸರ್ಕಾರಿ ಆಸ್ಪತ್ರೆಯಲ್ಲೇ ಆಗಬೇಕು. ಯೋಜನೆಯಡಿ ಖಾಸಗಿ ಆಸ್ಪತ್ರೆಗೆ ಹೋಗಬೇಕಾದರೆ ಸರ್ಕಾರಿ ಆಸ್ಪತ್ರೆಯ ರೆಫರ್ ಚೀಟಿ ಬೇಕು. ತುರ್ತು ಪರಿಸ್ಥಿತಿಯಲ್ಲಿ ಮಾತ್ರ ಬೇಡ. ಚೀಟಿ ಇಲ್ಲದೆ ಮೊದಲು ಸೇರಿಕೊಂಡು ಆಮೇಲೆ ತರುತ್ತೇವೆ ಅಂದರೆ ಬಿಲ್ ನಿಮ್ಮ ತಲೆಗೇ ಬರಬಹುದು.

'ಗರ್ಭಕೋಶ ತೆಗೆಸಿಬಿಡಿ' ಅಂದರೆ

ಇದನ್ನು ಸ್ವಲ್ಪ ನಿಧಾನವಾಗಿ ಓದಿ. "ಮಕ್ಕಳಾಗಿವೆಯಲ್ಲ, ಇನ್ನು ಅದರ ಕೆಲಸ ಏನು, ಇಟ್ಟುಕೊಂಡರೆ ಕ್ಯಾನ್ಸರ್ ಆಗುತ್ತದೆ" ಅನ್ನುವ ಮಾತು ಕೇಳಿ ಮೂವತ್ತು ದಾಟುವ ಮುಂಚೆಯೇ ಗರ್ಭಕೋಶ ತೆಗೆಸಿಕೊಂಡವರು ನಮ್ಮ ರಾಜ್ಯದಲ್ಲಿದ್ದಾರೆ. ಕಲಬುರಗಿ ಜಿಲ್ಲೆಯ ಲಂಬಾಣಿ ತಾಂಡಾಗಳ ಹೆಂಗಸರು ಬಿಳಿ ಸೆರಗು, ಹೊಟ್ಟೆನೋವು ಅಂತ ಹೋಗಿ ಆಪರೇಷನ್ ಮಾಡಿಸಿಕೊಂಡು ಬಂದದ್ದು ದೊಡ್ಡ ಸುದ್ದಿಯಾಗಿತ್ತು, ತನಿಖೆಯೂ ನಡೆಯಿತು. ಬಿಳಿ ಸೆರಗಿಗೆ ಬಹಳ ಸಲ ಒಂದು ಕೋರ್ಸ್ ಮಾತ್ರೆ ಸಾಕಾಗುತ್ತದೆ. ಅದಕ್ಕೆ ಒಂದು ಅಂಗ ಕಳೆದುಕೊಂಡರಲ್ಲ ಅಂತ ನೆನೆದರೆ ಇವತ್ತಿಗೂ ಹೊಟ್ಟೆ ಉರಿಯುತ್ತದೆ.

ಗರ್ಭಕೋಶದ ಜೊತೆ ಅಂಡಾಶಯವನ್ನೂ ತೆಗೆದರೆ ಹಾರ್ಮೋನು ರಾತ್ರೋರಾತ್ರಿ ನಿಲ್ಲುತ್ತದೆ. ಮೈ ಕಾವು, ನಿದ್ದೆ ಇಲ್ಲದಿರುವುದು ಶುರುವಾಗುತ್ತದೆ. ಚಿಕ್ಕ ವಯಸ್ಸಾದರೆ ಮೂಳೆ ಸವೆತ, ಹೃದಯದ ತೊಂದರೆಯ ಅಪಾಯವೂ ಹೆಚ್ಚು.

ಆಪರೇಷನ್ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ, ಅದರಿಂದ ಜೀವ ಉಳಿದವರಿದ್ದಾರೆ. ಆದರೆ ಜಾಸ್ತಿ ರಕ್ತ ಹೋಗುವುದಕ್ಕೆ ಅದಕ್ಕೂ ಮುಂಚೆ ಬೇರೆ ಮೆಟ್ಟಿಲುಗಳಿವೆ. ರಕ್ತ ಕಡಿಮೆ ಮಾಡುವ ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ, ಹಾರ್ಮೋನು ಮಾತ್ರೆ, ಗರ್ಭಕೋಶದೊಳಗೆ ಇಡುವ ಹಾರ್ಮೋನು ಕಾಯಿಲ್, ಗಂಟು ಅಥವಾ ಪಾಲಿಪ್ (ಒಳಪದರದಿಂದ ಜೋತುಬಿದ್ದ ಮಾಂಸದ ತುಣುಕು) ಒಂದನ್ನೇ ತೆಗೆಯುವ ಆಪರೇಷನ್. "ಇವುಗಳಲ್ಲಿ ನನಗೆ ಯಾವುದು ಆಗುತ್ತದೆ? ಆಗುವುದಿಲ್ಲ ಅಂದರೆ ಯಾಕೆ? ಮೂರು ತಿಂಗಳು ಕಾದರೆ ಏನಾಗುತ್ತದೆ?" ಅಂತ ಕೇಳಿ. ಬಯಾಪ್ಸಿ ಅಥವಾ ಸ್ಕ್ಯಾನ್ ಇಲ್ಲದೆ ಕ್ಯಾನ್ಸರ್ ಹೆಸರು ಹೇಳಿ ಆಪರೇಷನ್‌ಗೆ ಅವಸರ ಮಾಡಿದರೆ ಇನ್ನೊಬ್ಬ ಡಾಕ್ಟರಿಗೆ ತೋರಿಸಿ. ಬೇಡದ ಗರ್ಭಕೋಶ ಆಪರೇಷನ್ ತಡೆಯಲು ಕೇಂದ್ರ ಆರೋಗ್ಯ ಸಚಿವಾಲಯ 2022ರಲ್ಲಿ ಮಾರ್ಗಸೂಚಿ ತಂದಿತು. ಎಲ್ಲ ರಾಜ್ಯಗಳೂ ಅದನ್ನು ಜಾರಿ ಮಾಡಬೇಕು ಅಂತ 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು.

ಸಹಿಯ ವಿಷಯದಲ್ಲೂ ಸುಪ್ರೀಂ ಕೋರ್ಟಿನ ತೀರ್ಪಿದೆ, 2008ರದ್ದು. 44 ವರ್ಷದ ಒಬ್ಬ ಹೆಂಗಸು ರಕ್ತಸ್ರಾವ ಅಂತ ಹೋಗಿದ್ದರು. ಹೊಟ್ಟೆಯೊಳಗೆ ಕ್ಯಾಮೆರಾ ಹಾಕಿ ನೋಡಲು ಸಹಿ ಮಾಡಿದ್ದರು. ಅವರಿಗೆ ಅರಿವಳಿಕೆ ಕೊಟ್ಟಿದ್ದಾಗ ಹೊರಗೆ ಕೂತಿದ್ದ ತಾಯಿಯ ಒಪ್ಪಿಗೆ ಪಡೆದು ಗರ್ಭಕೋಶ, ಅಂಡಾಶಯ ಎರಡನ್ನೂ ತೆಗೆದುಬಿಟ್ಟರು. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಆಪರೇಷನ್‌ಗೆ ಕೊಟ್ಟ ಒಪ್ಪಿಗೆ ಆಗುವುದಿಲ್ಲ, ಜೀವಕ್ಕೆ ಅಪಾಯ ಇಲ್ಲದಿದ್ದಾಗ ಆಕೆ ಎಚ್ಚರವಾಗುವವರೆಗೆ ಕಾಯಬೇಕಿತ್ತು ಅಂತ ಕೋರ್ಟ್ ಹೇಳಿತು. ವಯಸ್ಸಿಗೆ ಬಂದ ಹೆಂಗಸಿನ ದೇಹದ ಬಗ್ಗೆ ಒಪ್ಪಿಗೆ ಕೊಡಬೇಕಾದವಳು ಅವಳೇ. ಸಹಿ ಹಾಕುವ ಮುಂಚೆ ಆ ಹಾಳೆಯಲ್ಲಿ ಏನಿದೆ ಅಂತ ಕನ್ನಡದಲ್ಲಿ ಓದಿ ಹೇಳಲು ಕೇಳಿ.

ರಿಪೋರ್ಟ್ ಬಂದ ಮೇಲೆ

ಚಿಕ್ಕಮ್ಮನಿಗೆ ದೊಡ್ಡಾಸ್ಪತ್ರೆಯಲ್ಲಿ ಹಿಸ್ಟರೋಸ್ಕೋಪಿ ಮಾಡಿದರು. ತೆಳ್ಳನೆಯ ಕ್ಯಾಮೆರಾವನ್ನು ಗರ್ಭಕೋಶದೊಳಗೆ ಬಿಟ್ಟು ನೋಡುವ ವಿಧಾನ. ಒಳಗೆ ಕಡಲೆಕಾಳಿನಷ್ಟು ಮೆತ್ತನೆಯ ಪಾಲಿಪ್ ಇತ್ತು. ಅದನ್ನು ಅಲ್ಲೇ ತೆಗೆದು ಲ್ಯಾಬಿಗೆ ಕಳಿಸಿದರು. ರಿಪೋರ್ಟ್ ಬರುವವರೆಗೆ ಹನ್ನೆರಡು ದಿನ ಕಾದೆವು.

ಇಂಥ ರಿಪೋರ್ಟಿನಲ್ಲಿ 'ಬಿನೈನ್' ಅಂತಿದ್ದರೆ ಕ್ಯಾನ್ಸರ್ ಅಲ್ಲ. 'ಹೈಪರ್‌ಪ್ಲೇಸಿಯಾ ವಿದೌಟ್ ಅಟಿಪಿಯಾ' ಅಂದರೆ ಪದರ ದಪ್ಪವಾಗಿದೆ, ಜೀವಕೋಶ ಕೆಟ್ಟಿಲ್ಲ. ಇದನ್ನು ಹಾರ್ಮೋನು ಔಷಧದಿಂದ ಸರಿ ಮಾಡಬಹುದು. 'ವಿದ್ ಅಟಿಪಿಯಾ' ಅಂದರೆ ಜೀವಕೋಶ ಬದಲಾಗಲು ಶುರುವಾಗಿದೆ, ಅದಕ್ಕೆ ತಡ ಮಾಡದೆ ಮುಂದಿನ ಚಿಕಿತ್ಸೆ ಬೇಕು. ಪ್ಯಾಪ್ ರಿಪೋರ್ಟಿನಲ್ಲಿ 'ಎನ್‌ಐಎಲ್‌ಎಂ' ಅಂತಿದ್ದರೆ ಸರಿ ಇದೆ ಅಂತ. 'ಇನ್‌ಫ್ಲಮೇಟರಿ' ಅಂದರೆ ಉರಿಯೂತ, ಕ್ಯಾನ್ಸರ್ ಅಲ್ಲ.

ಚಿಕ್ಕಮ್ಮನದು ಬಿನೈನ್. ಹಿಮೋಗ್ಲೋಬಿನ್ 9 ಇತ್ತು. ದೊಡ್ಡಾಸ್ಪತ್ರೆಯವರು ಹಿಂದಕ್ಕೆ ಒಂದು ಚೀಟಿ ಬರೆದುಕೊಟ್ಟರು, ಊರಿನ ಆರೋಗ್ಯ ಕೇಂದ್ರದಲ್ಲೇ ಮೂರು ತಿಂಗಳು ಕಬ್ಬಿಣದ ಮಾತ್ರೆ ತೆಗೆದುಕೊಳ್ಳಬೇಕು, ಆಮೇಲೆ ರಕ್ತ ಪರೀಕ್ಷೆ ಮಾಡಿಸಬೇಕು, ಮತ್ತೆ ರಕ್ತ ಕಂಡರೆ ಕಾಯದೆ ಬರಬೇಕು ಅಂತ. ಎಲ್ಲ ಕಾಗದಗಳೂ ಈಗ ಒಂದು ಪ್ಲಾಸ್ಟಿಕ್ ಕವರಿನಲ್ಲಿವೆ, ಮೇಲೆ ತಾರೀಖು ಬರೆದಿದೆ. ಕಳೆದ ತಿಂಗಳು ಪಕ್ಕದ ಮನೆಯಾಕೆ ತಮ್ಮ ಚೀಟಿ ತಂದು ತೋರಿಸಿದಾಗ ಚಿಕ್ಕಮ್ಮ ಕನ್ನಡಕ ಹಾಕಿಕೊಂಡು ಮೊದಲು ಹುಡುಕಿದ್ದು ಆ ಎರಡು ಅಕ್ಷರವನ್ನು.